ಜೆರಾಕ್ಸಿನಲ್ಲಿ ಬಂದ ಕಪ್ಪು ಗೆರೆಗಳು

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಕನ್ನಡ ಎಂ.ಎ. ಕಟ್ಟಿದ್ದೆ. ಭಾನುವಾರ ಮಾತ್ರ ರಾಜಾಜಿನಗರದಲ್ಲಿ ತರಗತಿ. ಮಿಕ್ಕ ದಿನ ಚಂದ್ರಾ ಲೇಔಟ್‌ನ ನಮ್ಮ ಮನೆಯ ಊಟದ ಟೇಬಲ್ಲೇ ಕಾಲೇಜು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎರಡು ಪುಟ ಓದಿದರೆ ಅಂದಿನ ಪಾಠ ಆದಂತೆ.

ಎಲ್ಲ ಪತ್ರಿಕೆಗಳೂ ಪಾಸಾಗಿ, ಕಾದಂಬರಿಯ ಸೆಮಿನಾರ್ ಒಂದು ಉಳಿದಿತ್ತು. ಹಿಂದಿನ ವರ್ಷ ಗೈಡ್ ನೋಡಿಕೊಂಡು ಮಾತಾಡಿ ಅದರಲ್ಲಿ ನಪಾಸಾಗಿದ್ದೆ. ಈ ಸಲವೂ ಹೋದರೆ ನೋಂದಣಿಯ ಅವಧಿ ಮುಗಿಯುತ್ತಿತ್ತು. ಮತ್ತೆ ಮೊದಲಿನಿಂದ ಕಟ್ಟುವ ಧೈರ್ಯ ನನ್ನಲ್ಲಿರಲಿಲ್ಲ.

ಅದು ಅನುವಾದಗೊಂಡ ಕಾದಂಬರಿ. ಒಂದು ಊರು, ಅಲ್ಲಿ ಇಲಾಖೆಯವರು ಮನೆಮನೆಗೆ ಬಂದು ಪುಸ್ತಕಗಳಲ್ಲಿ ತಮಗಾಗದ ಸಾಲುಗಳಿಗೆ ಮಸಿ ಬಳಿಯುತ್ತಾರೆ. ಊರ ನಡುವಿನ ಬಾವಿಗೂ ಮುಚ್ಚಳ ಹಾಕಿ ಬೀಗ. ಇದನ್ನೆಲ್ಲ ನೋಡುತ್ತಾ ಬೆಳೆಯುವ ಹುಡುಗಿಯೊಬ್ಬಳ ಕಥೆ. ಅಂಗಡಿಗಳಲ್ಲಿ ಪ್ರತಿಗಳು ಸಿಗುತ್ತಿರಲಿಲ್ಲ. ನನಗಿಂತ ಮೂರು ವರ್ಷ ಮೊದಲು ಪಾಸಾದ ಮಾರೇನಹಳ್ಳಿಯ ಅಕ್ಕನೊಬ್ಬರು ತಮ್ಮ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಕೊಟ್ಟರು.

ಅದರಲ್ಲಿ ಪುಟಕ್ಕೆ ಮೂರೋ ನಾಲ್ಕೋ ಸಾಲು ಕಪ್ಪಾಗಿದ್ದವು. ನೋಡಿದ ಕೂಡಲೇ ನನಗೆ ರೋಮಾಂಚನ. ಎಂಥ ಬುದ್ಧಿವಂತ ಲೇಖಕ! ಇಲಾಖೆಯ ಕೈ ಕಾದಂಬರಿಯ ಒಳಗೇ ಬಂದಿದೆ ಎಂದುಕೊಂಡೆ. ಬಾವಿಯ ಅಧ್ಯಾಯದ ಕೊನೆಯಂತೂ ಪೂರ್ತಿ ಕಪ್ಪು. ಬಾವಿ ಬತ್ತಿದೆ, ಆಸೆ ಸತ್ತಿದೆ, ಹೇಳಲು ಏನೂ ಉಳಿದಿಲ್ಲ ಎಂಬುದರ ಸಂಕೇತ ಅದು ಎಂದು ಹನ್ನೆರಡು ಪುಟ ಬರೆದು, ಸೆಮಿನಾರಿಗೆ ಒಂದು ವಾರ ಮುಂಚೆಯೇ ಪಾಠ ಮಾಡುವ ಮೇಡಂ ಕೈಗೆ ಕೊಟ್ಟೆ.

ಅದೇ ದಿನ ಮೇಡಂ ಬಾವಿಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ನಾನು ನನ್ನ ಪ್ರತಿಯಲ್ಲಿ ಬೆರಳಿಟ್ಟುಕೊಂಡು ಹಿಂಬಾಲಿಸುತ್ತಿದ್ದೆ. ಬೆರಳು ಕಪ್ಪು ಗೆರೆಗೆ ಬಂದು ನಿಂತಿತು. ಮೇಡಂ ನಿಲ್ಲಲಿಲ್ಲ, ಓದುತ್ತಲೇ ಹೋದರು. ಪಕ್ಕದವರ ಪುಸ್ತಕಕ್ಕೆ ಇಣುಕಿದೆ. ಅಲ್ಲಿ ಗೆರೆಯೂ ಇಲ್ಲ, ಏನೂ ಇಲ್ಲ, ಅಚ್ಚುಕಟ್ಟಾಗಿ ಅಕ್ಷರಗಳಿದ್ದವು. ಕಿವಿ ಗುಂಯ್ ಎಂದಿತು. ಮುಂದೆ ಮೇಡಂ ಓದಿದ್ದೊಂದೂ ತಲೆಗೆ ಹೋಗಲಿಲ್ಲ.

ತರಗತಿ ಬಿಟ್ಟವಳೇ ಬಸ್ಸು ಹಿಡಿದು ಮಾರೇನಹಳ್ಳಿಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಕ್ಕ, ಇದೇನಿದು ಕಪ್ಪು?"

ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಅಯ್ಯೋ, ಅದು ನಾನು ಹೊಡ್ದಿದ್ದು ಕಣೇ! ಬಾಯಿಪಾಠ ಆದ ಸಾಲನ್ನ ಸ್ಕೆಚ್ ಪೆನ್ನಲ್ಲಿ ಹೊಡ್ದುಹಾಕ್ತಿದ್ದೆ. ಇಲ್ದಿದ್ರೆ ಬಂದಿದ್ದನ್ನೇ ಓದ್ಕೊಂಡು ಕೂತ್ಕೋತೀನಲ್ಲ."

"ನಾನು ಅದರ ಮೇಲೆ ಹನ್ನೆರಡು ಪುಟ ಬರೆದುಕೊಟ್ಟಿದೀನಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿತು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಅಳ್ಬೇಡ. ಪೆನ್ಸಿಲ್ ತಗೊ. ಹೇಳ್ತೀನಿ, ಬರ್ಕೊ."

ಅವರು ಸುಲಿಯುತ್ತಾ ಹೇಳಿದರು, ನಾನು ಕಪ್ಪು ಗೆರೆಗಳ ಪಕ್ಕದಲ್ಲಿ ಬರೆದುಕೊಂಡೆ. ಮೂರು ವರ್ಷದ ಮೇಲೂ ಸಾಲಿಗೆ ಸಾಲು ಬಂತು. ಬಾವಿಯ ಹತ್ತಿರ ಬಂದಾಗ ಮಾತ್ರ ತಡವರಿಸಿದರು. "ಅವಳು ಬೀಗಕ್ಕೆ ಕಿವಿ ಹಚ್ಚಿದಳು... ಆಮೇಲೆ? ಥೂ, ನಾಲಿಗೆ ತುದೀಲೇ ಇದೆ."

ಒಳಗೆ ಟಿವಿ ನೋಡುತ್ತಿದ್ದ ಅವರ ಯಜಮಾನರು ಕೂಗಿದರು: "ಕೆಳಗೆ ನೀರು ಇನ್ನೂ ಇತ್ತು. ಅದರ ಸದ್ದು ಕೇಳಿ ಅವಳು ಮನೆಗೆ ಓಡಿದಳು."

"ನಿಮಗ್ಹೆಂಗ್ರೀ ಗೊತ್ತು?"

"ದಿನಾ ಬೆಳಗ್ಗೆ ಪುಸ್ತಕ ನನ್ ಕೈಗೆ ಕೊಟ್ಟು ಒಪ್ಪಿಸ್ತಿದ್ದೆಯಲ್ಲ ತಾಯಿ! ಶೇವಿಂಗ್ ಮಾಡ್ಕೊಳ್ಳೋಕೂ ಬಿಡ್ತಿರ್ಲಿಲ್ಲ."

ನಾನು ಅದನ್ನೂ ಬರೆದುಕೊಂಡೆ. ಬಾವಿ ಬತ್ತಿರಲಿಲ್ಲ. ನಾನು ಬರೆದದ್ದು ಪೂರಾ ತಿರುಗುಮುರುಗು.

ಆ ವಾರ ಕುಕ್ಕರ್ ಎಷ್ಟು ಸಲ ಕೂಗಿತೋ ಗಮನಿಸಲಿಲ್ಲ. ಎರಡು ದಿನ ಬೇಳೆ ತಳ ಹಿಡಿಯಿತು. ಮುಂದಿನ ಭಾನುವಾರ ತರಗತಿಗೆ ಮೊದಲೇ ಹೋಗಿ, ಮೇಡಂ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ನನ್ನ ಹನ್ನೆರಡು ಪುಟಗಳನ್ನು ಬ್ಯಾಗಿನಿಂದ ತೆಗೆದರು.

"ಅಂತೂ ಹೇಳಿದ್ರಲ್ಲ. ಈ ಕಪ್ಪು ಗೆರೆ ಇರೋದು ಯಾವ ಮುದ್ರಣ ಅಂತ ನಾನು ವಾರವೆಲ್ಲ ಹುಡುಕಿದ್ದೀನಿ ಕಣ್ರೀ! ಲೈಬ್ರರಿಯವರಿಗೂ ಫೋನ್ ಮಾಡಿದ್ದೆ."

ಪುಟಗಳನ್ನು ನನ್ನತ್ತ ಚಾಚಿ, "ಇದನ್ನ ವಾಪಸ್ ತಗೊಳ್ಳಿ," ಎಂದರು. "ಇವತ್ತು ಏನು ಹೇಳ್ತೀರೋ ಅದಕ್ಕೇ ಮಾರ್ಕ್ಸ್. ಗೈಡ್ ಮಾತ್ರ ಬೇಡ."

ಗೈಡ್ ನೋಡದೆ ಮಾತಾಡಿದೆ. ಇಲಾಖೆಯವರು ಮಸಿ ಬಳಿದದ್ದು ಸಾಲುಗಳನ್ನು ಅಳಿಸಲು, ನಮ್ಮ ಅಕ್ಕ ಬಳಿದದ್ದು ಅವು ಇನ್ನು ತಮ್ಮೊಳಗಿವೆ ಎಂದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ ಎಂದೆ. ಬೀಗದಡಿಯ ನೀರನ್ನು ಅವಳಂತೆ ಕಿವಿ ಹಚ್ಚಿಯೇ ತಿಳಿಯಬೇಕಾಗಿತ್ತು, ನಾನು ಹಚ್ಚದೆ ಬರೆದಿದ್ದೆ ಎಂದೂ ಒಪ್ಪಿಕೊಂಡೆ. ಹಿಂದಿನ ಬೆಂಚಿನವರು ನಕ್ಕರು, ನಾನೂ ನಕ್ಕೆ.

ಸಂಜೆ ಮೇಡಂ ಪಟ್ಟಿ ನೋಡಿ "ಪಾಸು, ಹೋಗಿ ಬನ್ನಿ" ಎಂದರು. ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಅವರು ಸಂತೋಷದಿಂದ ಕೂಗಿದ್ದು ಪಕ್ಕದಲ್ಲಿ ನಿಂತಿದ್ದವರಿಗೂ ಕೇಳಿಸಿರಬೇಕು. ಹಿಂದಿನಿಂದ ಯಜಮಾನರು "ನನಗೂ ಒಂದು ಡಿಗ್ರಿ ಕೊಡ್ಸೋಕೆ ಹೇಳೇ" ಎನ್ನುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತವಳಿಗೆ ಅಲ್ಲೇ ನಿದ್ದೆ ಹತ್ತಿ, ನಮ್ಮ ಸ್ಟಾಪ್ ದಾಟಿಹೋಯಿತು. ಎರಡು ಸ್ಟಾಪ್ ಹಿಂದಕ್ಕೆ ನಿಧಾನವಾಗಿ ನಡೆದುಕೊಂಡೇ ಮನೆಗೆ ಬಂದೆ.