ಹೇತಲ್‌ಬೇನ್ ಬ್ಯಾಗಿನಲ್ಲಿದ್ದ ಫೋನು

ಅಹಮದಾಬಾದಿಗೆ ಬಂದ ಮೊದಲ ದಿನವೇ ಎದುರು ಮನೆಯ ಹೆಂಗಸೊಬ್ಬರು ಬಾಗಿಲು ಕೂಡ ಬಡಿಯದೆ ಒಳಗೆ ಬಂದು, ನಮ್ಮ ಖಾಲಿ ಫ್ರಿಜ್ ತೆರೆದು, ನಾಲ್ಕು ಬಾಟಲಿ ನೀರು, ಒಂದು ಡಬ್ಬಿ ದಾಲ್ ಇಟ್ಟು ಹೋದರು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಹುಬ್ಬಳ್ಳಿಯಲ್ಲಿ ನಾವು ಸಾರಿಗೆ ಚೂರು ಬೆಲ್ಲ ಹಾಕುತ್ತೇವೆ. ಆ ದಾಲ್ ತಿಂದಾಗ, ಇವರು ಬೆಲ್ಲಕ್ಕೇ ಚೂರು ಸಾರು ಹಾಕುತ್ತಾರೆ ಅನ್ನಿಸಿತು.

ಅವರೇ ಹೇತಲ್‌ಬೇನ್. ಬೇನ್ ಎಂದರೆ ಇಲ್ಲಿ ಅಕ್ಕ, ತಂಗಿ ಎರಡೂ. ಗಂಡ ಬ್ಯಾಂಕಿಗೆ ಹೋದ ಮೇಲೆ ಸ್ಯಾಟಲೈಟ್ ಎಂಬ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ ನನ್ನನ್ನು ಜಪಾನಿ ಭಾಷೆಯ ಕ್ಲಾಸಿಗೆ ಎಳೆದುಕೊಂಡು ಹೋದವರೂ ಅವರೇ. ನನಗದು ಹೊತ್ತು ಹೋಗಲಿಕ್ಕೆ. ಅವರಿಗೆ ಹಾಗಲ್ಲ. ಜಪಾನಿ ಕಂಪನಿಯೊಂದು ಪ್ರಾವೀಣ್ಯ ಪರೀಕ್ಷೆ ಪಾಸಾದರೆ ಕೆಲಸ ಕೊಡುತ್ತೇನೆ ಎಂದಿತ್ತು. ನಲವತ್ತೈದನೇ ವಯಸ್ಸಿನಲ್ಲಿ ಅದು ಅವರ ಮೊದಲ ಕೆಲಸವಾಗುತ್ತಿತ್ತು.

ಇಬ್ಬರೂ ಪರೀಕ್ಷೆಗೆ ಕೂತ ದಿನ ನಾನು ಬ್ಯಾಗ್ ಒಯ್ದಿರಲಿಲ್ಲ. ನನ್ನ ಫೋನನ್ನು ಅವರ ಬ್ಯಾಗಿಗೆ ಹಾಕಿದೆ. “ಬಂದ್ ಕಿಯಾ ನಾ?” ಎಂದು ಕೇಳಿದರು. ಪುಸ್ತಕದ ಕೊನೆಯ ಪುಟದಲ್ಲಿ ಕಣ್ಣಿಟ್ಟಿದ್ದ ನಾನು ಹೂಂ ಎಂದೆ. ಬಂದ್ ಮಾಡಿರಲಿಲ್ಲ.

ಬ್ಯಾಗುಗಳನ್ನೆಲ್ಲ ಕೋಣೆಯೊಳಗೇ ಮುಂಭಾಗದಲ್ಲಿ ಸಾಲಾಗಿ ಇಡಿಸಿದ್ದರು. ಧ್ವನಿಮುದ್ರಿಕೆ ಕೇಳಿಸಿಕೊಂಡು ಉತ್ತರ ಬರೆಯುವ ಭಾಗ ಶುರುವಾಗಿತ್ತು. ಆಗ ಫೋನು ಹೊಡೆದುಕೊಂಡಿತು. ನನ್ನದೇ, ಸಂಶಯವೇ ಇಲ್ಲ. ಮೇಲ್ವಿಚಾರಕಿ ಬ್ಯಾಗನ್ನು ಎತ್ತಿ ಹಿಡಿದು, “ಯೇ ಕಿಸ್ಕಾ ಹೈ?” ಎಂದರು.

“ಮೇರಾ,” ಎಂದು ಹೇತಲ್‌ಬೇನ್ ಎದ್ದು ನಿಂತರು.

ಫೋನ್ ಸದ್ದಾದರೆ ರೆಡ್ ಕಾರ್ಡ್. ಅಂದರೆ ಆ ಸಲದ ಪರೀಕ್ಷೆ ಮುಗಿಯಿತು. ನಾನು ಎದ್ದು “ನನ್ನದು” ಅನ್ನಬೇಕಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ಮುಂದಿನ ಪ್ರಶ್ನೆಗೆ ಉತ್ತರ ಗುರುತು ಮಾಡಿದೆ. ಅದು ಸರಿಯುತ್ತರವೇ ಆಗಿತ್ತು ಎನ್ನುವುದು ನನಗೆ ಇವತ್ತಿಗೂ ನಾಚಿಕೆ.

ಹೊರಗೆ ಬಂದಾಗ ಅವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. “ನಿಮ್ಮ ಅಮ್ಮ ಮತ್ತೆ ಫೋನ್ ಮಾಡಿದ್ದರು,” ಎಂದು ಹಿಂದಿಯಲ್ಲಿ ಹೇಳಿ ಫೋನ್ ಕೊಟ್ಟರು. ಬೈಗುಳ ಇರಲಿ, ಒಂದು ಬಿರುನೋಟವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಅಮ್ಮ ಹಿಗ್ಗಿನಿಂದ ಹೇಳಿದಳು: “ಚೊಲೋ ಬರಿ ಅಂತ ಹೇಳಾಕ ಮಾಡಿದ್ನೆವಾ. ಯಾರಕಿ, ಊಟ ಆತಾ ಅಂತ ಕೇಳಿದ್ಲು! ಅಲ್ಲೂ ನಿನಗ ಒಬ್ಬಾಕಿ ಅಕ್ಕ ಸಿಕ್ಕಾಳ ಬಿಡು.” ಹೇತಲ್‌ಬೇನ್‌ಗೆ ನಾನು ಕಲಿಸಿದ ಕನ್ನಡ ಆ ಎರಡು ಮಾತು ಅಷ್ಟೇ.

ನಾನು ಪಾಸಾದೆ. ಕಂಪನಿ ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡಿತು. ಹೇತಲ್‌ಬೇನ್ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದಾರೆ.

ಈಗ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿದೆ. ಇಲ್ಲಿಗೆ ಬಂದ ದಿನದಿಂದ ಬೇಡಿಕೊಂಡಿದ್ದೇ ಅದನ್ನು. ಆದರೂ ಗಂಡನೊಬ್ಬನನ್ನೇ ಕಳಿಸಿ ನಾನು ಡಿಸೆಂಬರಿನ ಪರೀಕ್ಷೆಯವರೆಗೆ ಉಳಿದಿದ್ದೇನೆ. ಈ ಸಲ ಹೇತಲ್‌ಬೇನ್ ಬ್ಯಾಗ್ ಹಿಡಿದು ಮೆಟ್ಟಿಲ ಮೇಲೆ ಕೂರುವವಳು ನಾನು. “ಊರು ಬ್ಯಾಡಾತೇನು ನಿನಗ?” ಎಂದು ಅಮ್ಮ ಕೇಳುತ್ತಾಳೆ. ಪರೀಕ್ಷೆಯ ದಿನ ಮಾತ್ರ ಫೋನ್ ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ. ಯಾಕೆ ಎಂದು ಹೇಳಿಲ್ಲ.