ಓದಿ ಹೇಳದ ಸಾಲು

'ಯಾಕೆ ಮೇಷ್ಟ್ರ'ನ್ನು ಆಯಮ್ಮ ಮೊದಲ ಸಲ ಕಂಡಾಗ ಅವರು ಆಸ್ಪತ್ರೆಯ ಕಾರಿಡಾರಿನಲ್ಲಿ ಮಂಡಿಯೂರಿ ಕೂತು, ಅವಳು ರೋಗಿಗಳನ್ನು ಮಲಗಿಸಿ ತಳ್ಳುವ ಗಾಡಿಯನ್ನು ಟೇಪು ಹಿಡಿದು ಅಳೆಯುತ್ತಿದ್ದರು.

"ಏನಪ್ಪಾ, ಗಾಡಿಗೆ ಅಂಗಿ ಹೊಲಿಸ್ತೀಯಾ?" ಎಂದಳು.

"ಅಂಗಿ ಅಲ್ಲಮ್ಮ, ಮನೆ ಕಟ್ಟಿಸ್ಬೇಕು," ಎಂದರು ಅವರು, ತಲೆ ಎತ್ತದೆ. "ಇದನ್ನ ತಳ್ಳುವಾಗ ನೀವು ಎಲ್ಲಿ ನಿಲ್ತೀರಿ?"

ಆಸ್ಪತ್ರೆಗೆ ಮೂರು ಅಂತಸ್ತಿನ ಹೊಸ ಕಟ್ಟಡ ಬರುವುದಿತ್ತು. ಅದರಲ್ಲಿ ಯಾರಿಗೆ ಏನೇನು ಬೇಕು ಎಂದು ಕೇಳಿ, ಬರೆದು, ಕಟ್ಟುವವರ ಕೈಗೆ ಕೊಡುವುದು ಅವರ ಕೆಲಸ. ಇಂಥದ್ದೂ ಒಂದು ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ದೊಡ್ಡ ಡಾಕ್ಟರು ತಮಗೆ ಬೇಕಾದ್ದನ್ನು ಕುರ್ಚಿ ಬಿಟ್ಟೇಳದೆ ಹೇಳಿ ಮುಗಿಸಿದ್ದರು. ಇವರಿಗೆ ಅಷ್ಟು ಸಾಲದು. ನರ್ಸ್ ಕಿಟಕಿ ದೊಡ್ಡದಿರಲಿ ಅಂದರೆ ಯಾಕೆ, ಬೀರುವಿಗೆ ಬೀಗ ಬೇಕು ಅಂದರೆ ಯಾಕೆ. ಮೂರೇ ದಿನಕ್ಕೆ 'ಯಾಕೆ ಮೇಷ್ಟ್ರು' ಎಂದು ಹೆಸರು ಅಂಟಿಕೊಂಡಿತು. "ಮನೇಲಿ ಹೆಂಡ್ತಿ ಊಟಕ್ಕೆ ಕರೆದ್ರೂ ಯಾಕೆ ಅಂತೀರಾ ಮೇಷ್ಟ್ರೇ?" ಎಂದು ನರ್ಸ್ ಕೆಣಕಿದಳು. "ಒಂದ್ಸಲ ಅಂದಿದ್ದೆ. ಅವತ್ತು ಊಟ ಸಿಗ್ಲಿಲ್ಲ," ಎಂದರು.

ಅವರದೊಂದು ಕಟ್ಟುನಿಟ್ಟು. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ; ಬರೆದದ್ದನ್ನು, ಹೇಳಿದವರಿಗೇ ಓದಿ ಹೇಳದೆ ಸಹಿ ಹಾಕಿಸುವುದಿಲ್ಲ. ಸಾಲು ಬದಲಾದರೆ ಮತ್ತೆ ಹೇಳಿದವರದೇ ಸಹಿ ಬೇಕು. ಆಯಮ್ಮನ ಹಿಂದೆ ಎರಡು ದಿನ ನಡೆದರು. ಗಾಡಿ ಆರೂವರೆ ಅಡಿ, ತಲೆಯ ಕಡೆ ಆಕ್ಸಿಜನ್ ಸಿಲಿಂಡರಿನ ಸ್ಟ್ಯಾಂಡು, ಅದರ ಹಿಂದೆ ತಳ್ಳುವವಳು. "ಲಿಫ್ಟಿನ ಒಳಗೆ ಒಂಬತ್ತು ಅಡಿ ಉದ್ದ ಬೇಕು. ಗಾಡಿ, ಸಿಲಿಂಡರು, ಆಯಾ ಒಂದೇ ಸಲಕ್ಕೆ ಹೋಗಬೇಕು," ಎಂದು ಬರೆದು ಓದಿದರು. ಆಯಮ್ಮನಿಗೆ ಅಕ್ಷರ ಅಷ್ಟಕ್ಕಷ್ಟೆ. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಆ ಗಾಡಿ ತಳ್ಳಿದ್ದಳು. ಅದರ ವಿಚಾರ ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೈಯೊರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಏಳು ತಿಂಗಳ ಮೇಲೆ ಅವರು ಮತ್ತೆ ಬಂದರು. ಅಷ್ಟರಲ್ಲಿ ಲಿಫ್ಟಿನ ಗುಂಡಿ ತೋಡಿಯಾಗಿತ್ತು, ಏಳಡಿಯ ಲಿಫ್ಟು ಬಂದು ಅಂಗಳದಲ್ಲಿ ಇಳಿದಿತ್ತು. ಇದೆಲ್ಲ ಅವಳಿಗೆ ಆಮೇಲೆ ತಿಳಿದದ್ದು. ಅವತ್ತು ಕಂಡದ್ದು ಅವರ ಬಾಡಿದ ಮುಖ, ಕೈಯಲ್ಲಿದ್ದ ಒಂದು ಹಾಳೆ.

"ಇಲ್ಲೊಂದು ಸಹಿ, ಆಯಮ್ಮ."

"ಏನ್ ಬರ್ದಿದೀರಿ?"

"ಹಳೇದೇ, ಸ್ವಲ್ಪ ತಿದ್ದಿದೆ. ಸಂಜೆಯೊಳಗೆ ಪಟ್ಟಿ ಮುಗಿಸ್ಬೇಕಂತೆ."

ಅವರು ಓದಲಿಲ್ಲ. ಓದಿ ಎಂದು ಅವಳೂ ಅನ್ನಲಿಲ್ಲ. ಇಂಥವರನ್ನು ಅನುಮಾನಿಸಿದರೆ ನಾಲಿಗೆಗೆ ಹುಳ ಬಿದ್ದೀತು ಎಂದುಕೊಂಡು ಸಹಿ ಹಾಕಿ, ಗಾಡಿ ತಳ್ಳಿಕೊಂಡು ಹೋದಳು.

ಹೊಸ ಕಟ್ಟಡ ಕಟ್ಟಿ ಮುಗಿದು, ಆಸ್ಪತ್ರೆ ಅಲ್ಲಿ ಶುರುವಾಯಿತು. ಲಿಫ್ಟಿನಲ್ಲಿ ಗಾಡಿ ಹಿಡಿಸುತ್ತಿತ್ತು, ಸ್ಟ್ಯಾಂಡು ಹಿಡಿಸುತ್ತಿರಲಿಲ್ಲ. ಆಯಮ್ಮ ಗೋಡೆಗೆ ಅಂಟಿಕೊಂಡು ರೋಗಿಯ ಜೊತೆ ಮೊದಲು ಹೋಗುವುದು, ಸಿಲಿಂಡರು ಎರಡನೇ ಸಲಕ್ಕೆ ಬರುವುದು. ನಡುವೆ ಎರಡು ನಿಮಿಷ. ಎಲ್ಲರಿಗೂ ಅದೇ ರೂಢಿಯಾಯಿತು. ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಎರಡು ಮಕ್ಕಳ ತಾಯಿಯೊಬ್ಬಳನ್ನು ಮೇಲಕ್ಕೆ ಒಯ್ಯುವಾಗ ಲಿಫ್ಟು ನಡುವೆ ನಿಂತಿತು. ಇಪ್ಪತ್ತು ನಿಮಿಷ. ಸಿಲಿಂಡರು ಕೆಳಗಿತ್ತು. ಬಾಗಿಲು ಮೀಟಿ ತೆಗೆದಾಗ ಆಯಮ್ಮ ಆ ಹೆಂಗಸಿನ ಕೈ ಹಿಡಿದೇ ಇದ್ದಳು. ಕೈ ತಣ್ಣಗಾಗಿತ್ತು.

ವಿಚಾರಣೆ ನಡೆಯಿತು. ಸಿಲಿಂಡರು ಕಳಚಿದ್ದು ಯಾರು? ಆಯಾ. ಏಳಡಿ ಸಾಕು, ಸಿಲಿಂಡರು ಆಮೇಲೆ ತರಬಹುದು ಎಂದು ಸಹಿ ಹಾಕಿದ್ದು ಯಾರು? ಅವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸ ಹೋಗುವುದು ಹಾಗಿರಲಿ, ಪೊಲೀಸರ ಮಾತೂ ಬಂತು.

"ಸಹಿ ನನ್ನದೇ," ಎಂದಳು ಆಯಮ್ಮ.

ಮೇಷ್ಟ್ರನ್ನು ಕರೆಸಿದರು. ಎಲ್ಲ ಕ್ರಮದಂತೆ ಆಗಿದೆ ಎಂದಿದ್ದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತಿರಲಿಲ್ಲ. ಅವರು ಒಂಬತ್ತು ಅಡಿಯ ಹಳೆಯ ಹಾಳೆಯನ್ನು ಹೊಸದರ ಪಕ್ಕ ಇಟ್ಟರು.

"ಈ ಹೊಸ ಸಾಲನ್ನ ನಾನು ಆಕೆಗೆ ಓದಿ ಹೇಳ್ಲಿಲ್ಲ. ಮೂವತ್ತು ವರ್ಷದಲ್ಲಿ ಓದಿ ಹೇಳ್ದೇ ಸಹಿ ಹಾಕಿಸಿದ್ದು ಇದೊಂದೇ."

"ಯಾಕೆ?" ಎಂದರು ದೊಡ್ಡ ಡಾಕ್ಟರು. ಯಾರೂ ನಗಲಿಲ್ಲ.

"ಓದಿದ್ರೆ ಒಪ್ತಿರಲಿಲ್ಲ. ಲಿಫ್ಟ್ ಆಗ್ಲೇ ಬಂದ್ಬಿಟ್ಟಿತ್ತು."

ಆಯಮ್ಮನ ಕೆಲಸ ಉಳಿಯಿತು, ಅವರದು ಹೋಯಿತು. ಏಳಡಿಯ ಲಿಫ್ಟು ತರಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ತಪ್ಪೊಪ್ಪಿಕೊಂಡವನೆಂದು ಬೇರೆ ಕಡೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಎರಡು ವರ್ಷ ಮನೆಯಲ್ಲೇ ಕೂತರು, ಆಮೇಲೆ ಹಾಸಿಗೆ ಹಿಡಿದರು.

ಸುದ್ದಿ ತಿಳಿದು ಆಯಮ್ಮ ಹೋದಳು. ಹೆಂಡತಿ ಸ್ಟೂಲಿನ ಮೇಲಿದ್ದ ಔಷಧಿ ಸೀಸೆಗಳನ್ನು ಕಿಟಕಿಗೆ ಸರಿಸಿ, "ಕೂತ್ಕೊಳ್ಳಿ, ಎರಡು ದಿನದಿಂದ ನಿಮ್ಮನ್ನೇ ಕೇಳ್ತಿದಾರೆ," ಎಂದಳು. ಮೇಷ್ಟ್ರು ಗೋಡೆಗೆ ಮುಖ ಮಾಡಿದ್ದರು. ಹೊದಿಕೆಯ ಕೆಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಷ್ಟು ಸೊರಗಿದ್ದರು.

"ನಾನು ಬಂದಿದೀನಿ ಮೇಷ್ಟ್ರೇ."

ಅವರು ಈ ಕಡೆ ಹೊರಳಲು ಬಹಳ ಹೊತ್ತು ಹಿಡಿಯಿತು. ಉಸಿರು ಕೂಡಿಸಿಕೊಂಡು ಕೇಳಿದರು:

"ಅವತ್ತು ನಾನು ಆ ಸಾಲು ಪೂರ್ತಿ ಓದಿ, ಬೇರೆ ದಾರಿ ಇಲ್ಲ, ಇಲ್ದಿದ್ರೆ ನನ್ ಕೆಲ್ಸ ಹೋಗುತ್ತೆ ಅಂತ ಬೇಡ್ಕೊಂಡಿದ್ರೆ, ನೀವು ಸಹಿ ಹಾಕ್ತಿದ್ರಾ, ಆಯಮ್ಮ?"