ಬೀಜಕ್ಕೆ ಬಿಟ್ಟ ಪುಂಡಿ

ನನ್ನ ಅಡುಗೆಮನೆಯ ಮೊಳೆಗೆ, ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡೊಂದು ಮುಷ್ಟಿಯಷ್ಟು ಗಂಟಾಗಿ ತೂಗುತ್ತಿತ್ತು. ಒಳಗಿದ್ದದ್ದು ಪುಂಡಿಪಲ್ಯೆಯೆಂಬ ಹುಳಿಸೊಪ್ಪಿನ ಬೀಜ. ಗಂಟು ಹಾಕಿದವಳು ನನ್ನ ಹೆಂಡತಿ. ನೀವು ಶಹಾಬಾದಿಗೆ ಬಂದಿದ್ದರೆ ಬಲ್ಲಿರಿ, ಇಲ್ಲಿ ನೆಲವೂ ಕಲ್ಲು, ಅಂಗಳವೂ ಕಲ್ಲು, ಕೂತರೆ ಕಟ್ಟೆಯೂ ಕಲ್ಲು. ಅವಳು ಎಣ್ಣೆಯ ಡಬ್ಬಿಗೆ ಮಣ್ಣು ತುಂಬಿಸಿ ಪುಂಡಿ ಬೆಳೆಯುತ್ತಿದ್ದಳು. ಅವಳು ಹೋದಳು, ಡಬ್ಬಿ ತುಕ್ಕು ಹಿಡಿಯಿತು, ಮಕ್ಕಳಿಲ್ಲದ ಮನೆಯಲ್ಲಿ ನಾನೂ ಆ ಗಂಟೂ ಉಳಿದೆವು.

ಬೀಜಕ್ಕೂ ವಯಸ್ಸಾಗುತ್ತದೆಯಲ್ಲವೇ? ಇನ್ನೊಂದು ಮಳೆಗಾಲ ಕಳೆದರೆ ಮೊಳೆಯಲಾರದೆಂಬ ಹೆದರಿಕೆಯಿಂದ, ದಂಡೋತಿಯ ಕಡೆ ನಾನು ಪಾಠ ಹೇಳುವ ಶಾಲೆಯ ಕೈತೋಟದಲ್ಲಿ, ಮಕ್ಕಳು ಹಸನು ಮಾಡಿದ ಮಡಿಗೆ ಅಷ್ಟನ್ನೂ ಸುರಿದುಬಿಟ್ಟೆ. ಯಾರ ಬೀಜವೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ದನಿ ನಡುಗೀತೆಂಬ ನಾಚಿಕೆ. ಗಿಡಗಳು ಮಾತ್ರ ಕೆಂಪು ದಂಟು ಹೊತ್ತು ಮೊಣಕಾಲೆತ್ತರಕ್ಕೆ ಬಂದವು.

ಆಮೇಲೆ ಜ್ವರ ಬಂದು ಕೆಲವು ದಿನ ಮಲಗಿದೆ. ಎದ್ದು ಹೋಗಿ ನೋಡಿದರೆ ಮಡಿ ಬೋಳು! ಮೆಂತ್ಯ ಹಾಕಲು ಪುಂಡಿಯನ್ನೆಲ್ಲ ಕಿತ್ತು, ತೊಗರಿಬೇಳೆಯೊಂದಿಗೆ ಬೇಯಿಸಿ, ಬಿಸಿಯೂಟಕ್ಕೆ ಬಡಿಸಿಯಾಗಿತ್ತು; ಭಾಳ ಚಲೋ ಆಗಿತ್ತೆಂದು ಮಕ್ಕಳು ಬಾಯಿ ಚಪ್ಪರಿಸಿಕೊಂಡೇ ವರದಿ ಒಪ್ಪಿಸಿದರು. ನನಗೆ ಕೋಪ ಬಂತು, ಕೋಪಕ್ಕಿಂತ ಅಳು ಬಂತು. ತಲೆ ನರೆತ ಮಾಸ್ತರನೊಬ್ಬ ಪಲ್ಯದ ಮಡಿಯ ಮುಂದೆ ಅಳುವುದು ಶೋಭೆಯಲ್ಲವೆಂದು ಕನ್ನಡಕ ಒರೆಸತೊಡಗಿದೆ. ಅಡುಗೆಯ ಶರಣಮ್ಮ ಅದನ್ನು ಕಂಡಳೋ ಇಲ್ಲವೋ, ಮೂಲೆಯ ಕಡೆ ಕೈ ತೋರಿದಳು. ಅಲ್ಲೊಂದು ಗಿಡ, ಕೊರಳಿಗೆ ಬಟ್ಟೆಯ ಚೂರು ಕಟ್ಟಿಸಿಕೊಂಡು ನಿಂತಿತ್ತು.

"ಎಲ್ಲಾ ತಿಂದ್ರ ಮುಂದಿನ ಸಲ ಏನ್ ಬಿತ್ತೂದ್ರಿ, ಸರ್? ಅದೊಂದು ಬೀಜಕ್ಕ ಬಿಟ್ಟೀನಿ."

ಬೀಜಕ್ಕೆ ಬಿಟ್ಟ ಗಿಡದ ಬಾಳು ಸುಖದ್ದೇನಲ್ಲ, ಗೆಳೆಯರೇ. ಜೊತೆಯವು ಒಂದೇ ಬೋಗುಣಿಯಲ್ಲಿ ಬೆಂದು ಹೋದ ಮೇಲೆ ಅದು ಒಂಟಿಯಾಗಿ ಬಲಿಯಬೇಕು, ದಂಟು ಕಟ್ಟಿಗೆಯಾಗುವವರೆಗೆ ನಿಲ್ಲಬೇಕು. ಅದರ ಎಲೆಗೆ ಯಾರೂ ಕೈ ಹಾಕುವುದಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅದರ ಬಳಿ ಸುಮ್ಮನೆ ನಿಲ್ಲುತ್ತಿದ್ದೆ. ಮನೆಗೆ ಹೋದರೆ ವಾಡಿಯ ಕಡೆ ಹೋಗುವ ರೈಲುಗಾಡಿಗಳ ಸದ್ದು ಬಿಟ್ಟು ಮಾತಾಡುವವರಿಲ್ಲ. ಎಲ್ಲ ಮುಗಿದ ಮೇಲೂ ನನ್ನನ್ನು ಯಾವ ಬೀಜಕ್ಕೆಂದು ಬಿಟ್ಟಿದ್ದಾರೆ ಎಂದು ಗಿಡವನ್ನೇ ಕೇಳಿದ್ದೂ ಉಂಟು.

ಸಂಕ್ರಾಂತಿ ಕಳೆದು ಕಾಯಿ ಒಣಗಿದವು. ಬೆರಳಿಗೆ ಚುಚ್ಚುವ ಸುಂಕು ಒರೆಸಿಕೊಳ್ಳುತ್ತ ಮಕ್ಕಳೊಂದಿಗೆ ಬಿಡಿಸುತ್ತಿರುವಾಗ, ಇದು ಎಲ್ಲಿಯ ಬೀಜವೆಂದು ಶರಣಮ್ಮ ಕೇಳಿದಳು.

"ನಮ್ಮ ಮನಿಯಾಕೀದು," ಎಂದೆ. "ಆಕಿ ಈಗಿಲ್ಲ."

ಅವಳು ಪ್ರತಿ ಮಗುವಿನ ಅಂಗೈಗೂ ಒಂದೊಂದು ಚಿಟಿಕೆ ಹಾಕಿ, "ಮನ್ಯಾಗ ಹಾಕ್ರಿ. ಅಕ್ಕೋರ ಪುಂಡಿ ಅದ," ಎಂದಳು. ಅಕ್ಕೋರನ್ನು ಅಲ್ಲಿ ಯಾರೂ ಕಂಡವರಲ್ಲ.

ಮಿಕ್ಕದ್ದನ್ನು ಮನೆಗೆ ತಂದು ಅದೇ ಸೆರಗಿನ ತುಂಡಿನಲ್ಲಿ ಕಟ್ಟಿ ಅದೇ ಮೊಳೆಗೆ ತೂಗುಹಾಕಿದ್ದೇನೆ. ಬರುವ ಮಳೆಗೆ ಅವಳ ಪುಂಡಿ ಎಷ್ಟೋ ಅಂಗಳಗಳಲ್ಲಿ ಏಳುತ್ತದೆ, ಅದು ಸಂತೋಷವೇ. ಆದರೆ ಗಂಟನ್ನು ಮಾತ್ರ, ಎಷ್ಟು ಸಲ ಬಿಚ್ಚಿ ಕಟ್ಟಿದರೂ, ಅವಳು ಹಾಕಿದ ಹಾಗೆ ಹಾಕಲು ನನಗೆ ಬರಲಿಲ್ಲ.